ಮರಳುಗಾಡಿನಲ್ಲಿ ಇಪ್ಪತ್ತೆಂಟು ಆಡಿದ್ದು

ಪ್ರೀತಿಯ ಗೆಳೆಯಾ,

"ಮನೆ ಬಾಡಿಗೆಗೆ ಕೊಟ್ಟು ಗಾಡೀಲಿ ಸಂಸಾರ ಮಾಡ್ತಿದ್ದೀರಂತಲ್ಲ, ನೆಟ್ಟಗಿದ್ದೀರ ತಾನೆ?" ಅಂತ ನೀನು ಕೇಳಿದ್ದೆ. ನೆಟ್ಟಗಿದ್ದೇವೆ ಕಣೋ. ಗಾಡಿಯೆಂದರೆ ಹಾಸಿಗೆ, ಅಡುಗೆಮನೆ ಎಲ್ಲ ಒಳಗೇ ಇರುವ ಚಕ್ರದ ಮನೆ. ಮಂಡಿನೋವು ಹಾಗೇ ಇದೆ, ಬಿ.ಪಿ. ಮಾತ್ರೆಯೂ ಹಾಗೇ ಇದೆ. ಉಳಿದದ್ದನ್ನು ಫೋನಿನಲ್ಲಿ ಹೇಳೋಣವೆಂದರೆ ನೀನು ಅರ್ಧಕ್ಕೇ "ಊಟಕ್ಕೆ ಕರೀತಿದ್ದಾಳೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಹಾಸ್ಟೆಲಿನ ಮಿಕ್ಕವರೂ ಓದಲಿ.

ಈ ಜನವರಿಯಲ್ಲಿ ನಾವಿದ್ದದ್ದು ಕ್ವಾರ್ಟ್ಸ್‌ಸೈಟ್ ಎಂಬ ಊರಿನ ಹೊರಗೆ. ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮದ ಅಂಚು ಅದು. ಇನ್ನೊಂದು ಇಪ್ಪತ್ತು ಮೈಲಿ ಹೋದರೆ ಕೊಲರಾಡೊ ನದಿ, ದಾಟಿದರೆ ಕ್ಯಾಲಿಫೋರ್ನಿಯಾ. 2020ರ ಜನಗಣತಿಯಲ್ಲಿ ಊರಿನವರ ಲೆಕ್ಕ ಎರಡೂವರೆ ಸಾವಿರ ಮುಟ್ಟಿಲ್ಲ. ಬೇಸಗೆಯಲ್ಲಿ ಅಲ್ಲಿ ನಾಯಿಯೂ ನಿಲ್ಲದಂಥ ಬಿಸಿಲು. ಚಳಿಗಾಲ ಬಂತೋ, ಕೆನಡಾದಿಂದ, ಹಿಮ ಬೀಳುವ ಉತ್ತರದ ರಾಜ್ಯಗಳಿಂದ ನಮ್ಮಂಥ ರಿಟೈರಾದವರೆಲ್ಲ ಗಾಡಿ ಹೊಡೆದುಕೊಂಡು ಬಂದು ಸುತ್ತೂರು ಜಾತ್ರೆಗೆ ಬಿಡಾರ ಹೂಡಿದ ಹಾಗೆ ಹೂಡುತ್ತಾರೆ. ಜಾಗದ ಹೆಸರು ಲಾ ಪೋಸಾ, ಸರ್ಕಾರಿ ಜಮೀನು. ನಾವು ಹೋದಾಗ 14 ದಿನಕ್ಕೆ 40 ಡಾಲರ್, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪೂರ್ತಿ ಇರುವುದಾದರೆ 180. ಆ ದುಡ್ಡಿಗೆ ಕರೆಂಟಿಲ್ಲ, ಮನೆಬಾಗಿಲಿಗೆ ನಲ್ಲಿಯಿಲ್ಲ. ಜಲ್ಲಿನೆಲ, ಅಲ್ಲೊಂದು ಇಲ್ಲೊಂದು ಸಗ್ವಾರೊ ಕಳ್ಳಿ, ತಲೆ ಮೇಲೆ ಇಷ್ಟಗಲ ಆಕಾಶ. ಆ ಕಳ್ಳಿ ಮೊದಲ ಎಂಟು ವರ್ಷದಲ್ಲಿ ಒಂದೂವರೆ ಇಂಚು ಬೆಳೆದರೆ ಹೆಚ್ಚಂತೆ. ಅವಸರದವರಿಗೆ ಹೇಳಿದ ಊರಲ್ಲ.

ನೀನು ಕೇಳಲು ಹಿಂಜರಿದ ಪ್ರಶ್ನೆಗೆ ಉತ್ತರ: ಕಕ್ಕಸು ಗಾಡಿಯೊಳಗೇ ಇದೆ. ಗಾಡಿಯಡಿಯಲ್ಲಿ ಮೂರು ಟ್ಯಾಂಕು. ಒಂದು ಒಳ್ಳೆಯ ನೀರಿನದು, ನೂರೈವತ್ತು ಲೀಟರು. ಅಡುಗೆ, ಸ್ನಾನದ ಬಚ್ಚಲುನೀರಿಗೆ ಎರಡನೆಯದು, ಅದು ಗ್ರೇ. ಮೂರನೆಯದು ಬ್ಲ್ಯಾಕ್, ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ತುಂಬಿದ ಮೇಲೆ ಗಾಡಿಯನ್ನು ಕೊಳಚೆ ಖಾಲಿ ಮಾಡುವ ಡಂಪ್ ಸ್ಟೇಷನ್ನಿಗೆ ಒಯ್ದು, ಗ್ಲೌಸು ಹಾಕಿ, ದಪ್ಪ ಪೈಪು ಸಿಕ್ಕಿಸಿ, ಮೊದಲು ಬ್ಲ್ಯಾಕ್ ಬಿಡಬೇಕು, ಆಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆಯುತ್ತದೆ. ಇವಳು ಹತ್ತು ಮಾರು ದೂರ ನಿಂತು ಸೂಪರ್‌ವಿಷನ್ ಮಾಡುತ್ತಾಳೆ. ಒಂದು ಆಯುಷ್ಯ ಆಫೀಸಿನಲ್ಲಿ ಮೀಟಿಂಗ್ ಮಾಡಿದ್ದಕ್ಕಿಂತ ಈ ಕೆಲಸ ಮುಗಿದಾಗ ನನಗೆ ಹೆಚ್ಚು ಸಮಾಧಾನ. ನಗಬೇಡ.

ಸಂಕ್ರಾಂತಿಗೆ ಸರಿಯಾಗಿ ಇದೇ ರಾಜ್ಯದ ಟೂಸಾನ್‌ನಿಂದ ನಮ್ಮ ಹಳೇ ಗೆಳೆಯ ಲಂಬೂ ಮತ್ತು ಅವನ ಹೆಂಡತಿ ಬಾಡಿಗೆ ಗಾಡಿಯಲ್ಲಿ ಬಂದಿಳಿದರು. ನೋಡದೆ ಇದ್ದವರೇನಲ್ಲ. ಮದುವೆ, ಗೃಹಪ್ರವೇಶ, ಅಮೆರಿಕದ ಕನ್ನಡಿಗರ ಅಕ್ಕ ಸಮ್ಮೇಳನದ ಊಟದ ಸಾಲು ಅಂತ ಸಿಕ್ಕೇ ಸಿಗುತ್ತಿದ್ದರು. ಆದರೆ ಅಲ್ಲೆಲ್ಲ ಒಂದು ಕಣ್ಣು ಗಡಿಯಾರದ ಮೇಲೆ. ಮಕ್ಕಳ ಕೆಲಸ, ಮನೆಯ ಬೆಲೆ, ಯಾರಿಗೆ ಸ್ಟೆಂಟ್ ಹಾಕಿದರು, ಅಲ್ಲಿಗೆ ವಿಮಾನದ ಹೊತ್ತಾಗುತ್ತಿತ್ತು. ಇಲ್ಲಿ ಆ ಮಾತೆಲ್ಲ ಮೊದಲ ದಿನ ಸಂಜೆಯೊಳಗೆ ಖಾಲಿ. ಮಾರನೇ ದಿನ ನಿಜಕ್ಕೂ ಮಾತಿಲ್ಲದೆ ಕೂತಿದ್ದೆವು, ಸ್ವಲ್ಪ ಮುಜುಗರವೂ ಆಯಿತು. ಇವಳು ಫ್ರೀಜರಿನಲ್ಲಿಟ್ಟುಕೊಂಡು ಬಂದಿದ್ದ ಹಿದುಕಿದಬೇಳೆ ಹುಳಿ ಮಾಡಿದಳು, ಪಕ್ಕದ ಬಿಡಾರದ ಕೆನಡಾ ಮುದುಕಪ್ಪನಿಗೂ ಎಳ್ಳುಬೆಲ್ಲ ಹೋಯಿತು. ಕುಕ್ಕರ್ ಕೂಗಿದಾಗಲೆಲ್ಲ ಅವನು ಕಿಟಕಿಯಿಂದ ಇಣುಕುತ್ತಿದ್ದ.

ಊರಿನ ಸ್ಮಶಾನದಲ್ಲಿ ನೋಡಲೇಬೇಕಾದ ಸಮಾಧಿಯೊಂದಿದೆ. ಕಲ್ಲಿನ ಪಿರಮಿಡ್ಡು, ತುದಿಯಲ್ಲೊಂದು ಲೋಹದ ಒಂಟೆ. ಹಾಜಿ ಅಲಿ ಎಂಬಾತನದು, ಇಲ್ಲಿಯವರ ಬಾಯಲ್ಲಿ ಹಾಯ್ ಜಾಲಿ. ಮರಳುಗಾಡಿನಲ್ಲಿ ಸಾಮಾನು ಹೊರಲು ಒಂಟೆ ಆದೀತೇ ಅಂತ ನೋಡಲು ಅಮೆರಿಕದ ಸೈನ್ಯ 1856ರಲ್ಲಿ ಒಂಟೆಗಳ ಜೊತೆ ಅವುಗಳನ್ನು ನೋಡಿಕೊಳ್ಳುವವರನ್ನೂ ಹಡಗಿನಲ್ಲಿ ಕರೆಸಿತ್ತು. ಒಂಟೆಗಳೇನೋ ಚೆನ್ನಾಗಿಯೇ ದುಡಿದವು. ಅಷ್ಟರಲ್ಲಿ ಅಂತರ್ಯುದ್ಧ ಬಂತು, ಯೋಜನೆ ಮೂಲೆ ಸೇರಿತು, ಒಂಟೆಗಳು ಹರಾಜಾದವು. ಹಾಗೆ ಬಂದವರಲ್ಲಿ ಒಬ್ಬನಾದ ಈತ ಊರಿಗೆ ಮರಳಲಿಲ್ಲ. ಅದೂ ಇದೂ ಕೆಲಸ ಮಾಡಿಕೊಂಡು, ಚಿನ್ನ ಹುಡುಕಿಕೊಂಡು ಇದ್ದು 1902ರಲ್ಲಿ ಇಲ್ಲೇ ತೀರಿಕೊಂಡ. ಸಮಾಧಿ ಕಟ್ಟಿಸಿದ್ದು 1935ರಲ್ಲಿ, ರಾಜ್ಯದ ಹೆದ್ದಾರಿ ಇಲಾಖೆ.

ಲಂಬೂ ಫಲಕವನ್ನು ಪೂರ್ತಿ ಓದಿ, "ಇವನೇ ಕಣೋ ಮೊದಲನೇ ಎಚ್-ಒನ್, ಕೆಲಸದ ವೀಸಾದವನು. ಕರೆಸಿದವರೇ ಪ್ರಾಜೆಕ್ಟ್ ಮುಚ್ಚಿದರು" ಅಂದ. ನಾವು ನಕ್ಕೆವು. ಅವನು ನಗಲಿಲ್ಲ.

ಅವತ್ತು ರಾತ್ರಿ ಗಾಡಿಯೊಳಗೆ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡುತ್ತ ಕೂತಿದ್ದಾಗ ಲಂಬೂ ಬಾಯಿಬಿಟ್ಟ. 2001ರಲ್ಲಿ ಅವನ ಕೆಲಸ ಹೋಗಿತ್ತಂತೆ. ನಮಗೆಲ್ಲ "ಕನ್ಸಲ್ಟಿಂಗ್ ಮಾಡ್ತಿದ್ದೀನಿ" ಅಂದಿದ್ದು ನೆನಪಿದೆಯಲ್ಲ? ದಿನಾ ಟೈ ಕಟ್ಟಿಕೊಂಡು ಹೋಗಿ ಲೈಬ್ರರಿಯಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದನಂತೆ, ತಿಂಗಳುಗಟ್ಟಲೆ, ಹೆಂಡತಿಗೂ ಹೇಳದೆ. ನಾನು ಕೈಯಲ್ಲಿದ್ದ ಎಲೆ ಮಡಚಿಟ್ಟೆ. ಅವನ ಹೆಂಡತಿ ಎಲೆಯಿಂದ ಕಣ್ಣೆತ್ತದೆ, "ಪ್ಯಾಂಟು ಒಗೆಯೋಕೆ ಹಾಕುವಾಗ ಲೈಬ್ರರಿಯ ಚೀಟಿ ಸಿಕ್ಕಿತ್ತು. ಮೊದಲನೇ ವಾರವೇ ಗೊತ್ತು ನನಗೆ. ನನ್ನದು ಹದಿನೆಂಟು, ಯಾರಾದರೂ ಮೇಲೆ ಕರೀತೀರಾ?" ಅಂದರು. ಲಂಬೂ ಬಾಯಿ ತೆರೆದವನು ತೆರೆದೇ ಕೂತಿದ್ದ. ಆ ಆಟ ಅವರೇ ಗೆದ್ದರು, ಈ ಆಟದ ದೊಡ್ಡ ಎಲೆಗಳಾದ ಗುಲಾಮ, ಒಂಬತ್ತು ಎರಡೂ ಅವರ ಕೈಯಲ್ಲೇ ಇದ್ದವು. (ಇದನ್ನು ಬರೆಯಲು ಲಂಬೂನ ಒಪ್ಪಿಗೆಯಿದೆ. "ಬರಿ, ಇನ್ನು ಯಾರಿಗೆ ಹೆದರಬೇಕು" ಅಂದ.)

ಆಮೇಲೆ ಮಲಗುವಷ್ಟರಲ್ಲಿ ಎರಡು ಗಂಟೆ. ನಾಲ್ವರು ಬಳಸಿದ್ದರಿಂದ ನೀರು ವಾರ ಬರಲಿಲ್ಲ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಜನವರಿಗೆ ನೀವಿಬ್ಬರೂ ಬನ್ನಿ. ನಮ್ಮ ಗಾಡಿಯಲ್ಲಿ ಊಟದ ಮೇಜು ಮಡಚಿದರೆ ಇಬ್ಬರಿಗೆ ಹಾಸಿಗೆ ಆಗುತ್ತದೆ, ಆದರೆ ನಿನ್ನ ಗೊರಕೆ ನನಗೆ ಗೊತ್ತು, ಲಂಬೂ ಗಾಡಿಯಲ್ಲಿ ಮಲಗು. ಹಗಲು ಹಿತವಾಗಿರುತ್ತದೆ, ರಾತ್ರಿ ಒಮ್ಮೊಮ್ಮೆ ನೀರು ಹೆಪ್ಪುಗಟ್ಟುವಷ್ಟು ಚಳಿ, ಉಣ್ಣೆ ಟೋಪಿ ಮರೆಯಬೇಡ. ವೀಸಾ ಸಂದರ್ಶನಕ್ಕೆ ದಿನ ಸಿಗುವುದು ತಡವಾಗಬಹುದು, ಅರ್ಜಿಯನ್ನು ಈಗಲೇ ಹಾಕು. ಆರು ಜನರಾದರೆ ಎರಡು ಕಟ್ಟು ಎಲೆಯ ಐವತ್ತಾರೇ ಆಡಬಹುದು. ಬರುವಾಗ ಎರಡು ಕಟ್ಟು ಇಸ್ಪೀಟು ಎಲೆ ತಾ, ನಮ್ಮದರಲ್ಲಿ ಆಟೀನ್ ಒಂಬತ್ತರ ಮೇಲೆ ಹುಳಿ ಚೆಲ್ಲಿ ಹಿಂದಿನಿಂದಲೇ ಗುರುತು ಸಿಗುತ್ತಿದೆ.

ನಿನ್ನ
ಹಳೇ ರೂಮ್‌ಮೇಟ್