ಪ್ಲಂಬಿಂಗ್ ಅಂಗಡಿಯ ಆ ಹಿರಿಯರಿಗೆ

ಇಂಗ್ಲೆಂಡಿನ ರೀಡಿಂಗ್ ಊರಿನ ಪ್ಲಂಬಿಂಗ್ ಅಂಗಡಿಯಲ್ಲಿ ಸಿಕ್ಕ ಹಿರಿಯರೇ, ಗಡಿಬಿಡಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ಮನೆ ಬೆಚ್ಚಗಿಡುವುದಕ್ಕೂ ನಲ್ಲಿಯ ಬಿಸಿನೀರಿಗೂ ನಮಗಿರುವುದು ಒಂದೇ ಕಾಂಬಿ ಬಾಯ್ಲರ್. ಅದರಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳು ಬಿಸಿಯಾಗುತ್ತಿದ್ದವು, ನಲ್ಲಿಯಲ್ಲಿ ಮಾತ್ರ ತಣ್ಣೀರು. ಜನವರಿ ಚಳಿ ಬೇರೆ. ಮೂರು ದಿನ ಮಗುವಿನ ಸ್ನಾನಕ್ಕೆ ಒಲೆ ಮೇಲೆ ನೀರು ಕಾಯಿಸಿದೆವು.

ನೀವು ಏನನ್ನೂ ಮಾರಲು ನೋಡಲಿಲ್ಲ. "ಹೀಟಿಂಗ್ ಆಫ್ ಮಾಡಿ, ಬಿಸಿನೀರಿನ ನಲ್ಲಿ ಬಿಡಿ, ಸ್ವಲ್ಪ ಹೊತ್ತಾದ ಮೇಲೆ ರೇಡಿಯೇಟರ್ ಮುಟ್ಟಿ ನೋಡಿ" ಅಂದಿರಿ. ಮುಟ್ಟಿದೆ. ಬೆಚ್ಚಗಾಗುತ್ತಿತ್ತು! ಬಿಸಿಯನ್ನು ನಲ್ಲಿನೀರಿನ ಕಡೆ ತಿರುಗಿಸಬೇಕಾದ ಡೈವರ್ಟರ್ ವಾಲ್ವ್ ರೇಡಿಯೇಟರ್ ಕಡೆಗೇ ಸಿಕ್ಕಿಕೊಂಡಿತ್ತು.

ಗ್ಯಾಸ್ ಬಾಯ್ಲರ್ ನೀವೇ ಬಿಚ್ಚಬೇಡಿ, ಗ್ಯಾಸ್ ಸೇಫ್ (ಗ್ಯಾಸ್ ಕೆಲಸ ಮಾಡುವವರ ಇಲ್ಲಿನ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಸಿ ಎಂದು ಎರಡೆರಡು ಸಲ ಹೇಳಿದಿರಿ. ಹಾಗೇ ಮಾಡಿದೆ. ಆ ವಾಲ್ವ್ ಒಂದನ್ನೇ ಬದಲಿಸಿದರು, ಅಷ್ಟೇ.

ನಿನ್ನೆ ಮಗಳು ಬಿಸಿನೀರಲ್ಲಿ ಕೈ ಬಡಿದು ನಕ್ಕಳು. ತುಂಬಾ ಥ್ಯಾಂಕ್ಸ್ ಸರ್.