ಹೋರಿ ವಿಷಯ ಫೋನಲ್ಲಿ ಮುಗಿಯಲ್ಲ ಅಪ್ಪ

ಅಪ್ಪ, ಅಮ್ಮ, ಅಜ್ಜಿ ಎಲ್ರಿಗೂ ನಮಸ್ಕಾರ. ನಾನಿಲ್ಲಿ ಕ್ಷೇಮ, ನೀವೆಲ್ಲ ಕ್ಷೇಮ ಅಂದ್ಕೊಂಡಿದೀನಿ. ಮೊನ್ನೆ ಫೋನಲ್ಲಿ ನೀವು "ಆ ಚಳೀಲಿ ಯಾವ ತಳಿ ತಡ್ಯುತ್ತಮ್ಮ, ಹೋರಿ ಹೆಂಗೆ ಆರಿಸ್ತಾರೆ" ಅಂತ ಕೇಳಿದ್ರಿ, ನಾನು ಬಾಯಿ ಬಿಡೋ ಹೊತ್ಗೆ ನಿಮ್ಮಲ್ಲಿ ಕರೆಂಟ್ ಹೋಯ್ತು, ಆಮೇಲೆ ಲೈನೇ ಸಿಗ್ಲಿಲ್ಲ. ಹೆಂಗೂ ಇವತ್ತು ಭಾನುವಾರ, ಹೊರಗೆ ಮೈನಸ್ 27, ಬೆಳಗ್ಗೆ ಮೇವು ಹಾಕಿ ಬಂದ್ಮೇಲೆ ಸಂಜೆ ತನಕ ಕೆಲ್ಸ ಇಲ್ಲ, ಅದಕ್ಕೆ ನಿಧಾನವಾಗಿ ಬರೀತಿದೀನಿ. ತಮ್ಮಂಗೆ ಹೇಳಿ ಜೋರಾಗಿ ಓದಿಸ್ಕೊಳ್ಳಿ.

ಮೊದ್ಲು ಒಂದು ವಿಷಯ. ಇಲ್ಲಿ ಕೆನಡಾದ ಆಲ್ಬರ್ಟಾದಲ್ಲಿ, ಲೆತ್‌ಬ್ರಿಡ್ಜ್ ಸುತ್ತಮುತ್ತ ನಾನು ಕೆಲ್ಸ ಮಾಡೋ ಕಡೆ ಹಸು ಸಾಕೋದು ಹಾಲಿಗಲ್ಲ, ಮಾಂಸಕ್ಕೆ. 180 ಹಸು ಇದಾವೆ, ಒಂದನ್ನೂ ಕರೆಯಲ್ಲ, ಹಾಲೆಲ್ಲ ಕರುಗೇ. ಅಪ್ಪ ನಿಮಗೆ ಇದು ಗೊತ್ತಿರೋದೇ, ಆದ್ರೆ ಅಜ್ಜಿ ಮುಂದೆ ಓದ್ವಾಗ ಇದಿಷ್ಟು ಬಿಟ್ಟು ಓದ್ಲಿ. ಅಜ್ಜಿ ಇನ್ನೂ ನಾನು ದೊಡ್ಡ ಡೈರೀಲಿ ಇದೀನಿ ಅಂತ್ಲೇ ತಿಳ್ಕೊಂಡಿದೆ, ಹಂಗೇ ಇರ್ಲಿ. ನಂಗೂ ಮೊದಲ್ನೇ ವರ್ಷ ಅಕ್ಟೋಬರಲ್ಲಿ ಕರುಗಳ್ನ ಲಾರಿ ಹತ್ತಿಸ್ವಾಗ ಊಟ ಸೇರ್ಲಿಲ್ಲ. ಈಗ ಅಭ್ಯಾಸ ಆಗಿದೆ ಅಂತ ಹೇಳಲ್ಲ, ಆವತ್ತು ಬೇರೆ ಕೆಲ್ಸ ಕೇಳಿ ಇಸ್ಕೋತೀನಿ, ಅಷ್ಟೆ.

ಇರೋ ಹಸುಗಳಲ್ಲಿ ಮುಕ್ಕಾಲು ಪಾಲು ಕಪ್ಪು ಮೈ, ಬಿಳಿ ಮುಖ. ಹೆರೆಫರ್ಡ್ ಅನ್ನೋ ಕೆಂಪು ಮೈ ಬಿಳಿ ಮುಖದ ತಳಿಗೂ ಆಂಗಸ್ ಅನ್ನೋ ಕಪ್ಪು, ಕೊಂಬಿಲ್ಲದ ತಳಿಗೂ ಹುಟ್ಟಿದ್ವು. ಎರಡೂ ಬ್ರಿಟನ್ ಕಡೆಯಿಂದ ಬಂದಿದ್ದು, ಕೆನಡಾಗೆ ಹೆರೆಫರ್ಡ್ ಬಂದಿದ್ದು 1860ರಲ್ಲಿ. ಮೈಕೂದ್ಲು ದಟ್ಟ, ಕಾಲು ಗಿಡ್ಡ, ಒರಟು ಹುಲ್ಲಲ್ಲೂ ಮೈ ಇಳಿಯಲ್ಲ. ಇಬ್ರನ್ನೂ ಯಾಕೆ ಸೇರಿಸಿದ್ರು ಅಂತ ನಾನು ಈ ಜಮೀನಿನ ಯಜಮಾನ್ರನ್ನ ಕೇಳ್ದೆ, ಅವ್ರು ಕೆಚ್ಚಲು ತೋರ್ಸಿದ್ರು. ಹೆರೆಫರ್ಡ್‌ದು ಕೆಚ್ಚಲು ತೆಳ್ಳಗೆ ಗುಲಾಬಿ ಬಣ್ಣ, ಮಾರ್ಚ್ ಏಪ್ರಿಲಲ್ಲಿ ಹಿಮದ ಮೇಲೆ ಬಿಸ್ಲು ಬಿದ್ದು ಕೆಳಗಿಂದ ಹೊಡೆಯುತ್ತಲ್ಲ, ಕೆಚ್ಚಲು ಸುಟ್ಟು ಸಿಪ್ಪೆ ಏಳುತ್ತಂತೆ, ಉರಿ ತಡೀಲಾರ್ದೆ ಹಸು ಕರುನ ಒದ್ದು ಓಡ್ಸುತ್ತೆ. ಚಳಿದೇಶದಲ್ಲಿ ಬಿಸ್ಲಿಗೆ ಕೆಚ್ಚಲು ಸುಡೋದು ನೋಡಿ ಅಪ್ಪ! ಆಂಗಸ್ ರಕ್ತ ಸೇರಿದ್ರೆ ಕೆಚ್ಚಲಿಗೂ ಕಪ್ಪು ಬರುತ್ತೆ, ಆ ತೊಂದ್ರೆ ಹೋಯ್ತು. ಇಂಥದ್ದನ್ನೆಲ್ಲ ಕ್ಯಾಟಲಾಗ್ ಓದಿ ತಿಳ್ಕೊಳಕ್ಕಾಗಲ್ಲ.

ಈಗ ತಕರಾರು ಶುರುವಾಗಿರೋದು ಈ ವರ್ಷ ತರಬೇಕಾಗಿರೋ ಎರಡು ಹೋರಿ ಬಗ್ಗೆ. ಯಜಮಾನ್ರ ಮಗ ಶಾರೊಲೆ ತರಣ ಅಂತಾನೆ, ಫ್ರಾನ್ಸಿನ ತಳಿ, ಮೈಯೆಲ್ಲ ಕೆನೆ ಬಣ್ಣ, ನೋಡಿದ್ರೆ ನಿಮಗೂ ಕಣ್ಣು ಕೀಳಕ್ಕೆ ಮನಸಾಗಲ್ಲ, ಅಷ್ಟು ಮೈಕಟ್ಟು, ಕರು ಬೇಗ ತೂಕ ಬರುತ್ತೆ, ತೂಕಕ್ಕೇ ತಾನೆ ಇಲ್ಲಿ ದುಡ್ಡು. ಯಜಮಾನ್ರು ಸಿಮೆಂಟಾಲ್ ಅಂತಾರೆ. ಅದು ಸ್ವಿಸ್ ಬೆಟ್ಟದ ಕಡೆ ತಳಿ, ಹಾಲೂ ಚೆನ್ನಾಗಿರುತ್ತೆ. ಉತ್ತರ ಅಮೆರಿಕಕ್ಕೇ ಮೊದಲ್ನೇ ಸಿಮೆಂಟಾಲ್ ಹೋರಿ 1967ರಲ್ಲಿ ಬಂದಿದ್ದು ನಮ್ಮ ಪಕ್ಕದ ಕಾರ್ಡ್‌ಸ್ಟನ್‌ಗೆ, ಪ್ಯಾರಿಸಿಯನ್ ಅಂತ ಅದರ ಹೆಸ್ರು, ಇಲ್ಲಿ ವಯಸ್ಸಾದೋರು ಆ ಹೋರಿ ಹೆಸ್ರನ್ನ ನಮ್ಮೂರಲ್ಲಿ ಹಳೇ ಜೋಡೆತ್ತಿನ ಹೆಸ್ರು ಹೇಳ್ತಾರಲ್ಲ ಹಂಗೆ ಹೇಳ್ತಾರೆ. ಪಕ್ಕದ ಜಮೀನಿನ ಮುದುಕ್ರು ಒಬ್ರು, ಅವ್ರದ್ದು ಮೂರನೇ ಮಾತು, ಹೈಲ್ಯಾಂಡ್ ಹಾಕಿ ಅಂತ. ಸ್ಕಾಟ್‌ಲ್ಯಾಂಡಿಂದು, ಕಣ್ಣು ಮುಚ್ಚೋ ಅಷ್ಟು ಕೂದ್ಲು, ಕೊಂಬು ನಮ್ಮ ಹಳ್ಳಿಕಾರ್ ನೆನಪು ತರುತ್ತೆ. ಮೇಲೆ ಉದ್ದ ಎಣ್ಣೆಜಿಡ್ಡಿನ ಕೂದ್ಲು, ಒಳಗೆ ಹತ್ತಿ ಥರ ಮೆತ್ತನೆ ಕೂದ್ಲು, ಎರಡು ಕಂಬ್ಳಿ ಹೊದ್ದಂಗೆ. ಚಳಿಗೆ ಅದರಪ್ಪ ಇಲ್ಲ. ಆದ್ರೆ ಬೆಳೆಯೋದು ಬಲು ನಿಧಾನ, ಮೈಯೂ ಚಿಕ್ಕದು, ಸಂತೇಲಿ ಬೆಲೆ ಕಮ್ಮಿ. ಚಳಿ ತಡ್ಕೊಂಡು ಮನೆ ನಡೆಸಕ್ಕಾಗ್ಲಿಲ್ಲ ಅಂದ್ರೆ ಏನು ಪ್ರಯೋಜ್ನ.

ನನ್ನ ಮಾತು ಯಾರೂ ಕೇಳ್ಲಿಲ್ಲ, ಆದ್ರೂ ಹೋದ ವರ್ಷ ಫೆಬ್ರವರಿ ರಾತ್ರಿ ನಾನೇ ಕೊಟ್ಟಿಗೇಲಿ ಇದ್ದಿದ್ದು, ಅದಕ್ಕೆ ನಂಗೊಂದು ಅಭಿಪ್ರಾಯ ಇದೆ. ಆವತ್ತು ಮೈನಸ್ 34. ಒಂದು ಕಡಸು, ಮೊದಲ್ನೇ ಗಬ್ಬ, ಬೇಲಿ ಹಾರಿ ಬಂದಿದ್ದ ಯಾರದ್ದೋ ಶಾರೊಲೆ ಹೋರೀದು. ಕರು ಭುಜ ಸಿಕ್ಕಾಕೊಂಡು ಎರಡು ಗಂಟೆ ಒದ್ದಾಡ್ತು, ಕೊನೆಗೆ ಹಗ್ಗ ಕಟ್ಟಿ ಎಳುದ್ವಿ. ಹಸು ಸುಸ್ತಾಗಿ ಮಲಗ್ತು, ನೆಕ್ಕಲೇ ಇಲ್ಲ. ಕರು ಒದ್ದೆ, ಏಳ್ತಿಲ್ಲ, ಗಿಣ್ಣು ಹಾಲು ಹೊಟ್ಟೆಗೆ ಹೋಗಿಲ್ಲ, ಕಣ್ಮುಂದೇನೇ ಕಿವಿ ತುದಿ ಮರ ಆದಂಗೆ ಆಗ್ತಿದೆ. ಪಿಕಪ್ ಗಾಡಿ ಒಳಗೆ ಹಾಕ್ಕೊಂಡು ಹೀಟರ್ ಫುಲ್ ಇಟ್ಟು, ನನ್ನ ಹಳೇ ಸ್ವೆಟರ್ ಸುತ್ತಿ, ಗಿಣ್ಣು ಹಾಲು ಬಾಟ್ಲೀಲಿ ಕುಡ್ಸಿ ಬದುಕಿಸಿದ್ವಿ, ಆದ್ರೆ ಕಿವಿ ಎರಡೂ ಅರ್ಧ ಬಿದ್ದೋದ್ವು. (ಅಮ್ಮ, ನೀನು ಹೆಣೆದಿದ್ದ ಸ್ವೆಟರ್ ಅಲ್ಲ, ಇಲ್ಲಿ ತಗೊಂಡಿದ್ದು.) ಅದೇ ರಾತ್ರಿ ಪಕ್ಕದಲ್ಲೇ ಕಪ್ಪು ಬಿಳಿಮುಖದ ಹಸು ಒಂದು, ಆಂಗಸ್ ಹೋರಿಗೆ ಕಟ್ಟಿದ್ದು, ಯಾರಿಗೂ ಹೇಳ್ದೆ ಕೇಳ್ದೆ ಹುಲ್ಲಿನ ಮೇಲೆ ಕರ ಹಾಕ್ತು, ಕರು ಚಿಕ್ಕದು, ಇಪ್ಪತ್ತು ನಿಮಿಷದಲ್ಲಿ ಎದ್ದು ಮೊಲೆ ಹುಡುಕ್ತಿತ್ತು.

ಅದಕ್ಕೇ ಚಳಿಯೂರಲ್ಲಿ ಹೋರಿ ನೋಡ್ವಾಗ ಮೊದ್ಲು ನೋಡೋದು ಅದರ ಕರು ಹುಟ್ಟುವಾಗ ಎಷ್ಟು ತೂಕ ಇರುತ್ತೆ, ಸಲೀಸಾಗಿ ಬರುತ್ತಾ ಅಂತ. ಇಲ್ಲಿ ಪ್ರತಿ ಹೋರಿಗೂ ನಮ್ಮ ಹೈಸ್ಕೂಲ್ ಮಾರ್ಕ್ಸ್ ಕಾರ್ಡ್ ಥರ ಒಂದು ಪಟ್ಟಿ ಇರುತ್ತೆ, ಇ.ಪಿ.ಡಿ. ಅಂತಾರೆ, ಅದರ ಮಕ್ಕಳು ಹುಟ್ಟುವಾಗಿನ ತೂಕ, ಹಾಲು ಬಿಡ್ಸುವಾಗಿನ ತೂಕ, ಹೆಣ್ಣುಮಕ್ಕಳ ಹಾಲು, ಎಲ್ಲಾ ಬೇರೆ ಹೋರಿಗಳ ಮಕ್ಕಳಿಗಿಂತ ಎಷ್ಟು ಹೆಚ್ಚು ಕಮ್ಮಿ ಬರಬಹುದು ಅನ್ನೋ ಅಂದಾಜು. ಹೋರಿ ಅಂದಚಂದ ನೋಡಿ ಮರುಳಾಗೋದು ನಮ್ಮಲ್ಲಿ ಮಾತ್ರ ಅಲ್ಲ ಬಿಡಿ, ಇಲ್ಲೂ ಯಜಮಾನ್ರ ಮಗನೇ ಇದಾನಲ್ಲ.

ಇನ್ನೊಂದು ಮೇವಿನ ಲೆಕ್ಕ. ಚಳಿಗಾಲದ ಕೂದ್ಲು ಚೆನ್ನಾಗಿ ಬಂದು ಮೈ ಒಣಗಿದ್ರೆ ದನ ಸುಮಾರು ಮೈನಸ್ 8 ತನಕ ಜಾಸ್ತಿ ಕೇಳಲ್ಲ. ಅದಕ್ಕಿಂತ ಕೆಳಗೆ ಒಂದೊಂದು ಡಿಗ್ರಿಗೂ ಹತ್ತತ್ರ ಶೇ. 2 ಹೆಚ್ಚಿಗೆ ಹೊಟ್ಟೆಗೆ ಹೋಗ್ಬೇಕು, ಅಂದ್ರೆ ಮೈನಸ್ 30 ದಿನ ಒಂದೂವರೆ ಪಟ್ಟು ಹತ್ರ. ಅದೇ ಮೈ ಒದ್ದೆ ಆಯ್ತೋ, ಪ್ಲಸ್ 15ರಿಂದ್ಲೇ ಹೆಚ್ಚಿಗೆ ಕೇಳಕ್ಕೆ ಶುರು. ಗಾಳಿ ಇದ್ರಂತೂ ಕೇಳ್ಲೇ ಬೇಡಿ. ಗಾಳಿಗೆ ಹಲಗೆ ಬೇಲಿ ಹಾಕಿದಾರೆ, ಮಧ್ಯೆ ಮಧ್ಯೆ ಸಂದು ಬಿಟ್ಟು, ಪೂರ್ತಿ ಮುಚ್ಚಿದ್ರೆ ಹಿಮ ಸುತ್ಕೊಂಡು ಒಳಗೇ ಬೀಳುತ್ತಂತೆ. ಓಟ್ಸ್ ಕುಯ್ದು ಹೊಲದಲ್ಲೇ ಸಾಲು ಬಿಟ್ಟಿರ್ತಾರೆ, ದನ ಹಿಮ ಕೆದಕಿ ತಿನ್ನುತ್ವೆ. ಕೆದಕೋ ಬುದ್ಧಿ ಇಲ್ಲದ ತಳಿ, 700 ಕೆಜಿ ಮೈ ಹೊತ್ಕೊಂಡು ಮೇವಿಗೆ ಕಾಯೋ ಹಸು ಇಲ್ಲಿಗೆ ಬೇಡ. ಅದಕ್ಕೆ ಯಜಮಾನ್ರು ಹೇಳೋದು, ದೊಡ್ಡ ಮೈ ಬೇಕಾದ್ರೆ ಹೋರಿಯಿಂದ ತಗೋ, ಹಸು ಮಾತ್ರ ಈ ನೆಲದ್ದೇ ಇರ್ಲಿ ಅಂತ. ನಂಗೆ ಈ ಮಾತು ತುಂಬಾ ಹಿಡಿಸ್ತು. 1906-07ರ ಚಳಿಗಾಲದಲ್ಲಿ ಈ ಕಡೆ ಬಯಲಲ್ಲಿ ಬಿಟ್ಟಿದ್ದ ದನ ಸಾವಿರಾರು ಸತ್ತೋದ್ವಂತೆ, ಆಮೇಲೇ ಎಲ್ರೂ ಹುಲ್ಲು ಕೂಡಿಡಕ್ಕೆ ಕಲ್ತಿದ್ದು.

ತಮ್ಮ ಕೇಳಿದ್ನಲ್ಲ, ಅಷ್ಟು ಚಳಿಗೆ ಕಾಡೆಮ್ಮೆನೇ ಸೇರಿಸಬಹುದಲ್ವಾ ಅಂತ, ಸೇರಿಸಿದಾರೆ ಕಣೋ. ಸರ್ಕಾರದೋರೇ 1916ರ ಸುಮಾರಿಗೆ ವೈನ್‌ರೈಟ್ ಅನ್ನೋ ಕಡೆ ಇಲ್ಲಿನ ಕಾಡೆಮ್ಮೆ ಬೈಸನ್‌ಗೂ ಹಸುಗೂ ಸೇರ್ಸಿ ಕ್ಯಾಟಲೋ ಅಂತ ಮಾಡಕ್ಕೆ ಹೊರಟ್ರು, ಆಮೇಲೆ ನಮಗೆ ಹತ್ರದ ಮೆನಿಬೆರೀಸ್‌ಗೆ ತಂದ್ರು. ಚಳಿ ಏನೋ ತಡ್ಕೊಂಡ್ವು. ಆದ್ರೆ ಹುಟ್ಟಿದ ಗಂಡು ಬರಡು, ಬೈಸನ್ ಗಬ್ಬ ಹೊತ್ತ ಹಸುಗಳು ಕರ ಹಾಕ್ವಾಗ ಸಾಯ್ತಿದ್ವು. ಎಳೀತಾ ಎಳೀತಾ 1964ರಲ್ಲಿ ಕೈಬಿಟ್ರು.

ಒಂದ್ಸಲ ಮಿಶ್ರ ಮಾಡಿದ್ರೆ ಮುಗೀತಾ ಅಂತ ನೀವು ಕೇಳ್ತೀರ. ಇಲ್ಲ. ಹೈಬ್ರಿಡ್ ಮುಸುಕಿನ ಜೋಳ ಇದ್ಯಲ್ಲ, ಮೊದಲ ಬೆಳೆ ಭರ್ಜರಿ, ಅದೇ ಬೀಜ ಮತ್ತೆ ಹಾಕಿದ್ರೆ ಇಳುವರಿ ಬೀಳುತ್ತೆ, ದನದಲ್ಲೂ ಹಂಗೇ. ಮೊದಲ ಮಿಶ್ರದ ಹಸು ಬೇಗ ಗಬ್ಬ ನಿಲ್ಲುತ್ತೆ, ಜಾಸ್ತಿ ವರ್ಷ ಬಾಳುತ್ತೆ. ಮಿಶ್ರ ತಾಯಿ, ಮಿಶ್ರ ಕರು ಎರಡೂ ಲಾಭ ಕೂಡಿದ್ರೆ ಒಂದು ಹಸುಗೆ ಸಿಗೋ ಕರುವಿನ ತೂಕ ಶುದ್ಧ ತಳಿಗಿಂತ ಹತ್ತತ್ರ ಕಾಲು ಭಾಗ ಜಾಸ್ತಿ ಅಂತ ಲೆಕ್ಕ. ಅದನ್ನ ಉಳಿಸ್ಕೊಳ್ಳಕ್ಕೆ ಹೋರಿ ತಳಿ ತಿರುಗಿಸ್ತಾ ಇರ್ಬೇಕು. ಇಲ್ಲಾಂದ್ರೆ ಇಂಡಿಯಾ ಆಫ್ರಿಕಾ ರಾಗಿ ಸೇರ್ಸಿ ನಮ್ಮ ಲಕ್ಷ್ಮಣಯ್ಯನವ್ರು ಇಂಡಾಫ್ ಮಾಡಿದ್ರಲ್ಲ, ಹಂಗೆ ಹೊಸ ತಳಿನೇ ನಿಲ್ಲಿಸ್ಬೇಕು. ಸ್ಕಾಟ್‌ಲ್ಯಾಂಡಲ್ಲಿ ಒಂದು ದ್ವೀಪದಲ್ಲಿ ಅಣ್ಣತಮ್ಮಂದಿರು ಹೈಲ್ಯಾಂಡ್‌ಗೂ ಶಾರ್ಟ್‌ಹಾರ್ನ್‌ಗೂ ಸೇರ್ಸಿ ಲಿಂಗ್ ಅನ್ನೋ ತಳಿ ಮಾಡಿದ್ರು. ನಮ್ಮ ಆಲ್ಬರ್ಟಾದೋರೇ ಹ್ಯಾರಿ ಹೇಸ್ ಅಂತ, ಕೃಷಿ ಮಂತ್ರಿ ಆಗಿದ್ದೋರು, ಹೆರೆಫರ್ಡ್, ಹೋಲ್‌ಸ್ಟೀನ್, ಬ್ರೌನ್ ಸ್ವಿಸ್ ಮೂರೂ ಬೆರ್ಸಿ ತಮ್ಮ ಹೆಸ್ರಲ್ಲೇ ಒಂದು ತಳಿ ಮಾಡಿದ್ರು, 1975ರಲ್ಲಿ ಅದಕ್ಕೆ ಮಾನ್ಯತೆ ಸಿಕ್ತು. ಮಂತ್ರಿ ಆಗಿ ದನ ಕಟ್ಟಿದ್ದು, ನಮ್ಮಲ್ಲಿ ಕೇಳಿದೀರಾ?

ಯಜಮಾನ್ರಿಗೆ ನಮ್ಮ ಹಳ್ಳಿಕಾರ್ ಫೋಟೋ ತೋರಿಸ್ದೆ. ಕೊಂಬು ನೋಡಿ ಶಿಳ್ಳೆ ಹೊಡೆದ್ರು, ಆಮೇಲೆ ಕಿವಿ, ಗಂಗೆದೊಗಲು ತೋರ್ಸಿ ಇವೆರಡೂ ಇಲ್ಲಿ ಜನವರಿ ದಾಟಲ್ಲ ಅಂದ್ರು. ನಿಜ, ಅವೆಲ್ಲ ಮೈಕಾವು ಹೊರಗೆ ಹಾಕಕ್ಕೆ ದೇವ್ರು ಕೊಟ್ಟಿದ್ದು. ಅಮೆರಿಕದ ಬಿಸಿಲು ಕಡೆ ಬ್ರಾಹ್ಮನ್ ಅಂತ ಒಂದು ತಳಿ ಇದೆ, ನಮ್ಮ ದೇಶದ ದನದಿಂದ್ಲೇ ಮಾಡಿದ್ದು, ಅದರಲ್ಲಿ ನಮ್ಮ ಕೃಷ್ಣಾ ಕಣಿವೆ ತಳಿ ರಕ್ತಾನೂ ಇದೆ. ಅಲ್ಲಿ ರಾಜ, ಇಲ್ಲಿಗೆ ತಂದ್ರೆ ಪಾಪ.

ಅದಕ್ಕೇ ಅಪ್ಪ, ಈಗ ನಮ್ಮನೆ ಹಸು ಗೌರಿ ವಿಷ್ಯ. ಅದು ಆಗ್ಲೇ ಮುಕ್ಕಾಲು ಎಚ್.ಎಫ್., ಅದೇ ಹೋಲ್‌ಸ್ಟೀನ್. ಏಪ್ರಿಲ್ ಬಂದ್ರೆ ನಾಲಿಗೆ ಹೊರಗೆ ಹಾಕಿ ತೇಕುತ್ತೆ, ಹೋದ್ಸಲ ಉಣ್ಣೆಹುಳ ಕಚ್ಚಿ ಜ್ವರ ಬಂದು ಹೆಂಗೆ ಸೊರಗ್ತು, ಮೂರು ಸಲ ಇಂಜೆಕ್ಷನ್ ಕೊಡ್ಸಿದ್ರೂ ಗಬ್ಬ ನಿಲ್ಲಲಿಲ್ಲ. ತಮ್ಮ ಮತ್ತೆ ಒಳ್ಳೇ ಎಚ್.ಎಫ್. ಹೋರಿ ವೀರ್ಯದ ಕಡ್ಡೀನೇ ಹಾಕ್ಸಣ ಅಂತಿದಾನೆ, ಹಾಕಿದ್ರೆ ಕರು ಹತ್ತತ್ರ ಪೂರ್ತಿ ಸೀಮೆಹಸುನೇ. ಇಲ್ಲಿ ಚಳಿಗೆ ಶಾರೊಲೆ ಹೆಂಗೋ ನಮ್ಮ ಬಿಸ್ಲಿಗೆ ಅದು ಹಂಗೆ. ಡಾಕ್ಟ್ರನ್ನ ಕೇಳಿ, ಮಿಶ್ರತಳಿ ಹೋರಿ ಕಡ್ಡಿ ಇದ್ರೆ ಅದು, ಇಲ್ಲಾಂದ್ರೆ ಜೆರ್ಸಿ ಮಿಶ್ರ. ಲೀಟ್ರು ಒಂದೆರಡು ಕಮ್ಮಿ ಆಗುತ್ತೆ, ಆಗ್ಲಿ, ಜೆರ್ಸಿದು ಫ್ಯಾಟ್ ಜಾಸ್ತಿ, ಡೈರೀಲಿ ರೇಟು ಸಿಗುತ್ತೆ. ಹಟ್ಟೀಲಿರೋ ನಾಟಿ ಹಸುನ ಮಾತ್ರ ಯಾರು ಎಷ್ಟು ಕೇಳಿದ್ರೂ ಮಾರ್ಬೇಡಿ.

ಇಲ್ಲಿ ಕೊನೆಗೆ ಏನು ತೀರ್ಮಾನ ಆಯ್ತು ಅಂದ್ರೆ, ಕಡಸುಗಳಿಗೆ ಕೆಂಪು ಆಂಗಸ್, ಎರಡು ಮೂರು ಕರ ಹಾಕಿರೋ ಹಸುಗಳಿಗೆ ಸಿಮೆಂಟಾಲ್. ಅದೂ ಅಲ್ದೆ ಹೋರಿ ಬಿಡೋದನ್ನ ಜುಲೈಗೆ ತಳ್ಳಿದಾರೆ, ಕರ ಹಾಕೋದು ಏಪ್ರಿಲ್ ಮಧ್ಯಕ್ಕೆ ಬರುತ್ತೆ. ಫೆಬ್ರವರಿ ರಾತ್ರಿ ಕಾಯೋದು ತಪ್ಪುತ್ತೆ ಅಂತ ನಂಗೆ ಎಲ್ಲಕ್ಕಿಂತ ಅದೇ ಖುಷಿ. ಮಗ ಎರಡು ದಿನ ಮುಖ ಊದಿಸ್ಕೊಂಡಿದ್ದ, ಈಗ ಸರಿ ಹೋಗಿದಾನೆ. ಶನಿವಾರ ಹೋರಿ ಸಂತೆಗೆ ನನ್ನೂ ಕರ್ಕೊಂಡು ಹೋಗ್ತಾರೆ.

ಅಮ್ಮ, ಹುಚ್ಚೆಳ್ಳು ಚಟ್ನಿಪುಡಿ ಖಾಲಿ. ಮಾವನ ಮಗ ಬರ್ವಾಗ ಕೊಟ್ಟು ಕಳ್ಸು, ಖಾರ ಜಾಸ್ತಿ ಹಾಕು. ಅಪ್ಪ, ಗೌರಿ ಬೆದೆಗೆ ಬಂದ ದಿನ ಗೋಡೆ ಕ್ಯಾಲೆಂಡರ್ ಮೇಲೆ ನೀವೇ ಬರೆದಿಡಿ, ತಮ್ಮನ್ನ ನಂಬ್ಕೋಬೇಡಿ.

ಇಂತಿ ನಿಮ್ಮ ಮಗಳು