ಗೀಸರ್ ಲೈನನ್ನು ಆರ್‌ಸಿಸಿಬಿಯಿಂದ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ತಪ್ಪಿಸಿ ಜೋಡಿಸಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾವು ಕೋಲಾರದಲ್ಲಿ ಅಂತರಗಂಗೆ ಬೆಟ್ಟದ ಕಡೆ ಹೊಸ ಮನೆ ಕಟ್ಟಿಕೊಂಡು ಬಂದಿದ್ದೇವೆ. ಬಾಡಿಗೆ ಮನೆಯಲ್ಲಿದ್ದ 15 ಲೀಟರಿನ ಗೀಸರನ್ನು ಸರ್ವಿಸ್ ಮಾಡಿ, ಹೊಸ ಬಚ್ಚಲುಮನೆಯ ಶವರಿಗೆ ಜೋಡಿಸಿಕೊಡಲು ನಿಮಗೆ ಹೇಳಿದ್ದೆ. ನಿಮ್ಮ ಟೆಕ್ನಿಷಿಯನ್ ಬಂದು ಕೆಲಸ ಮುಗಿಸಿ 1,450 ರೂಪಾಯಿ ತೆಗೆದುಕೊಂಡರು. ಹೋಗುವಾಗ, "ಸಾರ್, ಗೀಸರ್ ಹಾಕಿದ್ರೆ ಟ್ರಿಪ್ ಆಗ್ತಾ ಇತ್ತು, ಸರಿ ಮಾಡಿದ್ದೀನಿ" ಎಂದರು. ನಾನು ನಂಬಿದೆ.

ಮೂರನೇ ದಿನ ಬೆಳಗ್ಗೆ ಅಮ್ಮ ಬಚ್ಚಲಿನಿಂದ ಕೂಗಿಕೊಂಡರು. ಶವರಿನ ನಲ್ಲಿ ಮುಟ್ಟಿದ್ದೇ ಕೈಯೆಲ್ಲಾ ಜುಮ್ ಎಂದಿತ್ತಂತೆ. ಅವರಿಗೆ 68 ವರ್ಷ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ನಾನು ಓಡಿಹೋಗಿ ಡಿಬಿ ಬಾಕ್ಸ್ (ಮನೆಯ ಎಲ್ಲ ಲೈನ್‌ಗಳೂ ಸೇರುವ ಸ್ವಿಚ್ ಬಾಕ್ಸ್) ತೆರೆದು ಆರ್‌ಸಿಸಿಬಿ ಆಫ್ ಮಾಡಿದೆ. ಲೈಟು, ಫ್ಯಾನು, ಫ್ರಿಜ್ಜು ಎಲ್ಲ ನಿಂತವು. ಆದರೆ ಗೀಸರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅದನ್ನು ನೋಡಿ ನನ್ನ ಕೈಕಾಲು ನಡುಗಿಹೋಯಿತು. ಮೈನ್ ಸ್ವಿಚ್ ಆಫ್ ಮಾಡಿದ ಮೇಲೆಯೇ ಅದು ಆರಿದ್ದು.

ಪರಿಚಯದ ಎಲೆಕ್ಟ್ರಿಷಿಯನ್ ಬಂದು ಬಾಕ್ಸ್ ಬಿಚ್ಚಿ ತೋರಿಸಿದರು. ಬೇರೆ ಎಲ್ಲ ಲೈನ್‌ಗಳೂ ಆರ್‌ಸಿಸಿಬಿ ದಾಟಿ ಹೋಗುತ್ತಿವೆ. ಗೀಸರಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಅಲ್ಲಿಂದ ಕಿತ್ತು, ಅದಕ್ಕಿಂತ ಮುಂಚೆಯೇ ನೇರವಾಗಿ ಸಿಕ್ಕಿಸಲಾಗಿದೆ. ನಿಮ್ಮವರು "ಸರಿ ಮಾಡಿದ್ದು" ಇದನ್ನೇ. ಆಮೇಲೆ ನಮ್ಮ ಎಲೆಕ್ಟ್ರಿಷಿಯನ್ ಗೀಸರಿಗೆ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿ ನೋಡಿದರು. ನೀರು ಕಾಯಿಸುವ ಕಾಯಿಲ್‌ನಿಂದ ಗೀಸರಿನ ಲೋಹದ ಮೈಗೆ ಕರೆಂಟ್ ಸೋರುತ್ತಿತ್ತು. ಇಲ್ಲಿನ ಬೋರ್ ನೀರು ಎಂಥದ್ದು ಅಂತ ನಿಮಗೂ ಗೊತ್ತು. ಕಾಯಿಲ್ ಮೇಲೆ ಸುಣ್ಣದ ಹಾಗೆ ಉಪ್ಪು ಗಟ್ಟಿಯಾಗಿ ಕೂರುತ್ತದೆ. ಒಳಗೆ ಶಾಖ ಜಾಸ್ತಿಯಾಗಿ ಮೇಲಿನ ಲೋಹದ ಕವಚ ಒಂದು ದಿನ ಬಿರುಕು ಬಿಡುತ್ತದೆ. ಸರ್ವಿಸ್ ಅಂದರೆ ಅದನ್ನು ಬಿಚ್ಚಿ ನೋಡುವುದೇ ಅಲ್ವಾ? ನಮ್ಮ ಕಾಯಿಲ್ ಮೇಲೆ ಬೆರಳು ದಪ್ಪ ಉಪ್ಪು ಹಾಗೇ ಇತ್ತು.

ಅಂದರೆ ಆ ದಿನ ಆರ್‌ಸಿಸಿಬಿ ಸುಮ್ನೆ ಟ್ರಿಪ್ ಆಗಿರಲಿಲ್ಲ. ಫೇಸಿನಲ್ಲಿ ಹೋದ ಕರೆಂಟಿನಲ್ಲಿ ಸ್ವಲ್ಪ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿಲ್ಲ, ಬೇರೆಲ್ಲೋ ಹೋಗುತ್ತಿದೆ ಎಂದು ಅದು ಹೇಳುತ್ತಿತ್ತು. ನಿಮ್ಮವರು ಅದರ ಬಾಯಿ ಮುಚ್ಚಿಸಿ ಹೋದರು.

ದೂರು ಕೊಡಲು ಫೋನ್ ಮಾಡಿದಾಗ ನಿಮ್ಮ ಕಚೇರಿಯವರು, "ಎಂಸಿಬಿ ಇದೆಯಲ್ಲ, ಏನೂ ಆಗಲ್ಲ" ಎಂದರು. ನನಗೆ ಶಾಕ್‌ಗಿಂತ ಜಾಸ್ತಿ ಭಯ ಹುಟ್ಟಿಸಿದ್ದು ಈ ಮಾತು. ಗೀಸರಿಗೆ ಇರುವುದು 16 ಆಂಪಿಯರ್ ಎಂಸಿಬಿ. ಅದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್ ಆದಾಗ ಬೀಳುವಂಥದ್ದು. ನಮ್ಮ ಆರ್‌ಸಿಸಿಬಿ 30 ಮಿಲಿ ಆಂಪಿಯರಿನದು, ಅಂದರೆ 0.03 ಆಂಪಿಯರ್. 16 ಎಲ್ಲಿ, 0.03 ಎಲ್ಲಿ? ಐನೂರು ಪಟ್ಟಿಗಿಂತಲೂ ಜಾಸ್ತಿ ವ್ಯತ್ಯಾಸ. ಎಂಸಿಬಿಗೆ ಗೊತ್ತೇ ಆಗದಷ್ಟು ಚಿಕ್ಕ ಕರೆಂಟ್ ಮನುಷ್ಯನ ಜೀವ ತೆಗೆಯಬಲ್ಲದು. ಮನೆಗಳಲ್ಲಿ ಸೋರಿಕೆ ತಡೆಯುವ ಸಾಧನ ಇರಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುವುದು ಇದಕ್ಕೇ.

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮದು ಬಂಡೆ ನೆಲ. ಬೇಸಿಗೆಗೆ ಅರ್ತ್ ಗುಂಡಿ ಪೂರ್ತಿ ಒಣಗಿತ್ತು. ಅದಕ್ಕೆ ನೀರು ಹಾಕದೇ ಇದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಈಗ ಸರಿ ಮಾಡಿಸಿದ್ದೇನೆ. ಆದರೆ ಅರ್ತಿಂಗ್ ಹೀಗೆ ಕೈಕೊಟ್ಟ ದಿನವೇ ಆರ್‌ಸಿಸಿಬಿ ಬೇಕಾಗುವುದು. ಈ ಜಿಲ್ಲೆಯಲ್ಲಿ ಎಷ್ಟು ಮನೆಗಳ ಗುಂಡಿಗೆ ಏಪ್ರಿಲ್ ತಿಂಗಳಲ್ಲಿ ನೀರು ಬೀಳುತ್ತದೆ?

ಕಟ್ಟಿದ ಹಣ ವಾಪಸ್ ಕೊಡಿ. ಹೊಸ ಕಾಯಿಲ್ ನಿಮ್ಮ ಖರ್ಚಿನಲ್ಲಿ ಹಾಕಿ, ಅದು ಸೋರುತ್ತಿಲ್ಲ ಎಂದು ಅಳೆದು ಬರೆದುಕೊಡಿ. ಲೈನನ್ನು ನಮ್ಮ ಎಲೆಕ್ಟ್ರಿಷಿಯನ್ ಆಗಲೇ ಆರ್‌ಸಿಸಿಬಿಗೆ ಸೇರಿಸಿದ್ದಾರೆ, ಅದನ್ನು ನಿಮ್ಮವರು ಮುಟ್ಟುವುದು ಬೇಡ.

ನನಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಅದೇ ಟೆಕ್ನಿಷಿಯನ್ ಕೋಲಾರದಲ್ಲಿ ಗೀಸರ್ ಹಾಕಿದ ಮನೆಗಳ ಪಟ್ಟಿ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಎಲ್ಲರಿಗೂ ಇವತ್ತೇ ಫೋನ್ ಮಾಡಿ. ನೀವು ಬಂದು ನೋಡುವವರೆಗೆ ಗೀಸರ್ ಸ್ವಿಚ್ ಹಾಕಬೇಡಿ ಎಂದು ಹೇಳಿ. ಹುಡುಗನನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅವನಿಗೆ ಇದನ್ನು ಯಾರೂ ಕಲಿಸಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಕಲಿಸಿ. ಕೆಲಸ ಮುಗಿದ ಮೇಲೆ ಮನೆಯವರ ಎದುರಿಗೇ ಟೆಸ್ಟ್ ಬಟನ್ ಒತ್ತಿ, ಗೀಸರಿನ ದೀಪವೂ ಆರುತ್ತದೆ ಎಂದು ತೋರಿಸಿ ಸಹಿ ಹಾಕಿಸಿಕೊಳ್ಳಲಿ.

15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ. ಬಿಚ್ಚಿದ ಡಿಬಿ ಬಾಕ್ಸಿನ ಮತ್ತು ಕಾಯಿಲ್‌ನ ಫೋಟೋ, ನಿಮ್ಮ ರಸೀದಿಯ ಪ್ರತಿ ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಕೋಲಾರ